ಮುದ್ದೆ ಕೋಲಿಗೆ ಎಷ್ಟು ಡಿಗ್ರಿ ಬೇಕು

ಮನುಷ್ಯರ ಕೈಕಾಲು ಅಳೆಯುವುದನ್ನೇ ಕಸುಬು ಮಾಡಿಕೊಂಡವಳಿಗೆ ನಗು ಹುಡುಕಿಕೊಂಡು ಹೋಗಬೇಕಾದ ಕಷ್ಟವಿಲ್ಲ. ಅದೇ ನೋವು ಹೇಳಿಕೊಂಡು ಬಂದು ಬೆಂಚಿನ ಮೇಲೆ ಕೂರುತ್ತದೆ.

ನಾನು ಫಿಸಿಯೋಥೆರಪಿಸ್ಟ್. ಹಾಗೆಂದರೇನು ಅಂತ ಮದುವೆಯಾದ ಹೊಸದರಲ್ಲಿ ನಮ್ಮ ಅತ್ತೆಯವರಿಗೆ ಎಷ್ಟೋ ಸಲ ವಿವರಿಸಿದ್ದೆ. ಎಲ್ಲ ಕೇಳಿಸಿಕೊಂಡು ಅವರು ನೆಂಟರಿಗೆ ಹೇಳುತ್ತಿದ್ದದ್ದು ಒಂದೇ ಮಾತು: “ನಮ್ಮ ಸೊಸೆ ಕೈಕಾಲು ತಿರುಗಿಸ್ತಾಳೆ.” ಇಷ್ಟು ವರ್ಷವಾದ ಮೇಲೆ ನನಗೂ ಅದಕ್ಕಿಂತ ಒಳ್ಳೆಯ ವಿವರಣೆ ಹೊಳೆದಿಲ್ಲ. ನಮ್ಮ ದೇಹದಲ್ಲಿ ಎಲುಬು ಅನ್ನುವುದು ಯಾವುದೂ ನೆಟ್ಟಗೆ ಓಡಾಡುವುದಿಲ್ಲ. ತುತ್ತು ಬಾಯಿಗೆ ಬರುವುದು ಮೊಣಕೈ ತಿರುಗುವುದರಿಂದ, ಹೆಜ್ಜೆ ಮುಂದಕ್ಕೆ ಬೀಳುವುದು ಸೊಂಟದ ಕೀಲು ತಿರುಗುವುದರಿಂದ. ಯಾವ ಕೀಲು ಎಷ್ಟು ಡಿಗ್ರಿ ತಿರುಗುತ್ತದೆ ಎಂದು ಅಳೆಯುವುದಕ್ಕೆ ನನ್ನ ಹತ್ತಿರ ಒಂದು ಸ್ಕೇಲು ಇದೆ. ಸ್ಕೂಲಿನ ಜಾಮಿಟ್ರಿ ಬಾಕ್ಸಿನ ಕೋನಮಾಪಕಕ್ಕೆ ಎರಡು ತೋಳು ಕೊಟ್ಟರೆ ಹೇಗಿರುತ್ತದೋ ಹಾಗೆ.

ಮನೆ, ಕ್ಲಿನಿಕ್ಕು ಕೋಲಾರದಲ್ಲಿ. ವಾರಕ್ಕೊಂದು ದಿನ ಮಾಲೂರು, ಮಂಗಳವಾರ ಶ್ರೀನಿವಾಸಪುರ. ಶ್ರೀನಿವಾಸಪುರದಲ್ಲಿ ಗೊಬ್ಬರದಂಗಡಿಯ ಹಿಂದಿನ ಎರಡು ಕೋಣೆ ನನ್ನದು. ಕಾಯುವವರಿಗೆ ಇರುವುದು ಒಂದೇ ಬೆಂಚು. ನಡುವೆ ಇರುವುದು ಬರೀ ಪರದೆ. ಹಾಗಾಗಿ ಒಬ್ಬರ ಮೊಣಕಾಲಿನ ಸಂಕಟ ಎಲ್ಲರಿಗೂ ಗೊತ್ತಿರುತ್ತದೆ. ಕೆಳಗೆ ಬರೆದದ್ದೆಲ್ಲ ಒಂದು ಮಾವಿನ ಸುಗ್ಗಿಗೆ ಮುಂಚೆ ಶುರುವಾಗಿ ಸುಗ್ಗಿ ಮುಗಿಯುವ ಹೊತ್ತಿಗೆ ಆದದ್ದು. ಎಲ್ಲದರಲ್ಲೂ ಒಬ್ಬ ಅಮ್ಮ ಇದ್ದಾರೆ.

ಗಂಟು

ಆ ಅಮ್ಮ ರಾಯಲ್ಪಾಡಿನ ಕಡೆಯ ಹಳ್ಳಿಯವರು. ಅರವತ್ತು ದಾಟಿರಬೇಕು. ಬಲಭುಜ ಗಟ್ಟಿಯಾಗಿ ಹಿಡಿದುಕೊಂಡಿತ್ತು. ಇಂಗ್ಲಿಷಿನಲ್ಲಿ ಫ್ರೋಜನ್ ಶೋಲ್ಡರ್ ಅನ್ನುತ್ತೇವೆ. ಭುಜದ ಕೀಲನ್ನು ಸುತ್ತಿರುವ ಪೊರೆ ಬಿಗಿದು, ತೋಳು ಯಾವ ಕಡೆಗೂ ಸರಿಯಾಗಿ ತಿರುಗುವುದಿಲ್ಲ.

“ಎಲ್ಲಿ ನೋವಮ್ಮ?” ಅಂದೆ.

“ನೋವು ಇರ್ಲಿ ಮೇಡಂ, ಅದು ಬರ್ತದೆ ಹೋಗ್ತದೆ. ನಂಗೆ ಸಂಗಟಿ ತಿರುವೋಕೆ ಆಗ್ಬೇಕು, ಅಷ್ಟೆ.”

ಸಂಗಟಿ ಅಂದರೆ ನಮ್ಮ ರಾಗಿ ಮುದ್ದೆಯೇ. ಗಡಿಯ ಕಡೆಯವರು ತೆಲುಗಿನಲ್ಲಿ ಹಾಗನ್ನುತ್ತಾರೆ.

“ಯಾಕೆ, ಮನೇಲಿ ತಿರುವೋಕೆ ಬೇರೆ ಯಾರೂ ಇಲ್ವಾ?”

“ಇದ್ದಾರೆ. ಅದೇ ತೊಂದ್ರೆ.”

ತಿರುವುತ್ತಿದ್ದದ್ದು ಅವರ ಯಜಮಾನರು. ಮಗ, ಸೊಸೆ ಇಬ್ಬರೂ ಬೆಳಿಗ್ಗೆಯೇ ಕೆಲಸಕ್ಕೆ ಹೋಗುವವರು. ಹೆಂಡತಿಯ ಕೈ ಬಿದ್ದಾಗ ಯಜಮಾನರು ಬೇರೆ ದಾರಿ ಇಲ್ಲದೆ ಕೋಲು ಹಿಡಿದರು. ಮೊದಲು ಅಂಬಲಿಯಾಯಿತು, ಆಮೇಲೆ ಕಲ್ಲಾಯಿತು, ಹಾಗೂ ಹೀಗೂ ಮಾಡಿ ಒಂದು ದಿನ ನಿಜವಾಗಲೂ ಮುದ್ದೆಯೇ ಆಯಿತು. ಅಕ್ಕಪಕ್ಕದವರು ಬಂದು ನೋಡಿ ಭೇಷ್ ಅಂದರು. ಅಲ್ಲಿಗೆ ಮುಗಿದಿದ್ದರೆ ಆ ಅಮ್ಮ ನನ್ನ ಹತ್ತಿರ ಬರುತ್ತಲೇ ಇರಲಿಲ್ಲವೇನೋ. ಆದರೆ ಯಜಮಾನರು ತಾವು ಕಟ್ಟಿದ ಮುದ್ದೆಯನ್ನು ಎಲ್ಲರೆದುರು ಮುರಿದು, ಒಳಗೆ ಬೆರಳಾಡಿಸಿ ನೋಡಿ ಹೇಳಿದರಂತೆ: “ಇವಳು ತಿರುವ್ತಿದ್ದಾಗ ಅಲ್ಲೊಂದು ಇಲ್ಲೊಂದು ಗಂಟು ಸಿಗೋದು ಕಣ್ರೋ. ಮುದ್ದೆ ಅಂದ್ರೆ ಹಂಗೇ ಇರ್ತದೆ ಅಂದ್ಕೊಂಡಿದ್ದೆ ನಾನು.”

“ಮದುವೆ ಆದಾಗಿಂದ ತಿಂದಿದ್ದಾರೆ ಮೇಡಂ,” ಅಂದರು ಆ ಅಮ್ಮ. “ಆವಾಗೆಲ್ಲ ಗಂಟು ನುಂಗಿ ಈಗ ಕಕ್ತಾ ಇದ್ದಾರೆ. ನನ್ನ ಕೈ ಸರಿ ಮಾಡ್ಕೊಡಿ. ಅವರ ಕಣ್ಣೆದುರಿಗೇ ಒಂದು ಸಲ ತಿರುವಿ ಗಂಟು ಎಲ್ಲಿದೆ ತೋರ್ಸಯ್ಯಾ ಅನ್ನಬೇಕು. ಆಮೇಲೆ ಈ ಕೈ ಬಿದ್ದು ಹೋದ್ರೂ ಚಿಂತೆ ಇಲ್ಲ.”

ಸ್ಟೂಲಿನ ಮೇಲೆ ಕೂರಿಸಿ ಅಳತೆಗೆ ಹೊರಟೆ. ಮೊಣಕೈ ಪಕ್ಕೆಗೆ ಅಂಟಿರಬೇಕು, ಮುಂಗೈ ಮಾತ್ರ ಬಾಗಿಲು ತೆರೆದ ಹಾಗೆ ಹೊರಕ್ಕೆ ಹೋಗಬೇಕು. ಚೆನ್ನಾಗಿರುವ ಭುಜ ಎಂಬತ್ತು ಡಿಗ್ರಿಯ ಹತ್ತಿರ ಹೋಗುತ್ತದೆ. ಆ ಅಮ್ಮನದು ಹದಿನೈದಕ್ಕೆ ನಿಂತಿತು.

“ಇನ್ನೂ ಸ್ವಲ್ಪ ಹೊರಗೆ ತನ್ನಿ ಅಮ್ಮ,” ಅಂದೆ.

ಕೈ ಸಲೀಸಾಗಿ ಹೊರಟಿತು. ನಲವತ್ತು, ಅರವತ್ತು, ತೊಂಬತ್ತು. ನನಗೇ ಆಶ್ಚರ್ಯವಾಗಿ ಸ್ಕೇಲಿನಿಂದ ತಲೆ ಎತ್ತಿದರೆ ನನ್ನೆದುರಿಗಿದ್ದದ್ದು ಅವರ ಜಡೆ. ಸ್ಟೂಲಿನ ಸಮೇತ ತಿರುಗಿ ಗೋಡೆಗೆ ಮುಖ ಮಾಡಿ ಕೂತಿದ್ದರು.

“ಅಮ್ಮ, ಭುಜ ತಿರುಗಿಸಿ ಅಂದ್ರೆ ನೀವೇ ತಿರುಗಿಬಿಟ್ರಲ್ಲ.”

ಗೋಡೆಯ ಕಡೆಯಿಂದ ಉತ್ತರ ಬಂತು. “ಭುಜ ಏನು ನನ್ನ ಬಿಟ್ಟು ಒಂದೇ ಹೋಗ್ತದಾ ಮೇಡಂ?”

ಸೊನ್ನೆ

ಅದೇ ಬೆಂಚಿನಲ್ಲಿ ಪ್ರತಿ ಮಂಗಳವಾರ ಕೂರುತ್ತಿದ್ದ ಇನ್ನೊಬ್ಬರು ನಿವೃತ್ತ ಮೇಷ್ಟ್ರು. ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಡುತ್ತಿದ್ದವರು. ಬೆಂಗಳೂರಿನಲ್ಲಿ ಮೊಣಕಾಲಿನ ಕೀಲು ಬದಲಾಯಿಸಿಕೊಂಡು ಬಂದಿದ್ದರು. ಕಾಲು ಮಡಚುವುದಕ್ಕೆ ಬರುತ್ತಿತ್ತು, ಪೂರ್ತಿ ನೆಟ್ಟಗೆ ಚಾಚುವುದಕ್ಕೆ ಬರುತ್ತಿರಲಿಲ್ಲ. ನಮ್ಮ ಲೆಕ್ಕದಲ್ಲಿ ಕಾಲು ಪೂರ್ತಿ ನೆಟ್ಟಗಾದರೆ ಅದು ಸೊನ್ನೆ. ಅಂದರೆ ಬಾಗು ಸ್ವಲ್ಪವೂ ಉಳಿದಿಲ್ಲ ಎಂದು. ಮೇಷ್ಟ್ರು ಶ್ರದ್ಧೆಯ ಮನುಷ್ಯ. ಮನೆಯಲ್ಲಿ ಹೇಳಿದ್ದನ್ನೆಲ್ಲ ಮಾಡಿ, ಒಂದು ಮಂಗಳವಾರ ಬಂದು ಕಾಲು ಚಾಚಿ ಮಲಗಿದರು.

ಸ್ಕೇಲು ಇಟ್ಟು ನೋಡಿದೆ. ಖುಷಿಯಾಯಿತು. “ಸೊನ್ನೆ ಸಾರ್,” ಅಂದೆ.

ಮೇಷ್ಟ್ರ ಮುಖ ಇಳಿಯಿತು. ಪರದೆಯಾಚೆಯಿಂದ ಆ ಅಮ್ಮನ ದನಿ ಕೇಳಿಸಿತು: “ಪಾಪ, ವಯಸ್ಸಾಯ್ತಲ್ಲ. ಬಿಡಿ ಮೇಷ್ಟ್ರೇ, ಮುಂದಿನ ವಾರ ಬರ್ತದೆ.”

ಮೇಷ್ಟ್ರು ಎದ್ದು ಕೂತರು. “ಸರ್ವೀಸು ಪೂರ್ತಿ ಸೊನ್ನೆ ಕೊಟ್ಟೋನು ನಾನು, ತಗೊಂಡೋನಲ್ಲ,” ಅಂದರು.

ಅವಸರದಲ್ಲಿ ವಿವರಿಸಿದೆ. ಸೊನ್ನೆ ಅಂದರೆ ನೆಟ್ಟಗೆ, ನೆಟ್ಟಗೆ ಅಂದರೆ ಪೂರ್ತಿ ವಾಸಿ, ಇದಕ್ಕಿಂತ ಒಳ್ಳೆಯ ಅಂಕಿ ಇಲ್ಲ. ಮೇಷ್ಟ್ರು ಪೂರ್ತಿ ಕೇಳಿ, ಕನ್ನಡಕ ಸರಿ ಮಾಡಿಕೊಂಡು, ಹಿಂದಿನ ಬೆಂಚಿನ ಹುಡುಗಿಯನ್ನು ಎಬ್ಬಿಸಿ ನಿಲ್ಲಿಸಿದ ಹಾಗೆ ನನ್ನನ್ನು ನೋಡಿದರು.

“ತೊಡೆ ಒಂದು ರೇಖೆ. ಕಾಲು ಇನ್ನೊಂದು ರೇಖೆ. ಎರಡೂ ಒಂದೇ ಸರಳ ರೇಖೇಲಿದ್ರೆ ನಡುವಿನ ಕೋನ ಎಷ್ಟಮ್ಮ?”

“ನೂರ ಎಂಬತ್ತು ಸಾರ್.”

“ಮತ್ತೆ?”

ನಮ್ಮ ಶಾಸ್ತ್ರದಲ್ಲಿ ಬೇರೆ ರೂಢಿ ಇದೆ ಎಂದು ಹೇಳಿ ನೋಡಿದೆ. ರೂಢಿ ಏನೇ ಇದ್ದರೂ ಸರಳ ಕೋನ ಸರಳ ಕೋನವೇ ಅಂದರು. ಲೆಕ್ಕದಲ್ಲಿ ಅವರು ಸರಿ, ಪದ್ಧತಿಯಲ್ಲಿ ನಾನು ಸರಿ, ಹೊರಗೆ ಬೆಂಚಿನ ತುಂಬ ಜನ. ಕೊನೆಗೆ ಅವರ ಚೀಟಿಯ ಮೇಲೆ ನೂರ ಎಂಬತ್ತು ಎಂದು ಬರೆದುಕೊಟ್ಟೆ. ಮೇಷ್ಟ್ರು ತಮ್ಮ ಊರುಗೋಲನ್ನು ಕಂಕುಳಲ್ಲಿ ಇಟ್ಟುಕೊಂಡು, ಹೊಸ ಕಾಲಿನಲ್ಲಿ ಹೊಸ ಗತ್ತಿನಿಂದ ನಡೆದು ಹೋದರು.

ಅವರು ಹೋದ ಮೇಲೆ ಆ ಅಮ್ಮ ಒಳಗೆ ಬಂದು ಸ್ಟೂಲಿನ ಮೇಲೆ ಕೂತು, ದನಿ ತಗ್ಗಿಸಿ ಕೇಳಿದರು. “ಮೇಡಂ, ಮೇಷ್ಟ್ರಿಗೆ ಸೊನ್ನೆ ಇದ್ದದ್ದನ್ನ ನೂರ ಎಂಬತ್ತು ಮಾಡಿದ್ರಲ್ಲ, ನಂದೂ ಸ್ವಲ್ಪ ನೋಡಿ ಹಾಕಿ. ಎಂಬತ್ತಾದ್ರೆ ಸಾಕು, ನಾನೇನು ಅಷ್ಟೊಂದು ಆಸೆ ಪಡೋಳಲ್ಲ.”

ಎಡಗಡೆಯ ಲೋಕ

ಆ ಅಮ್ಮ ಊರಿಂದ ಬರುತ್ತಿದ್ದದ್ದು ಟೊಮೇಟೊ ಸಾಗಿಸುವ ಟೆಂಪೋದಲ್ಲಿ. ಓಡಿಸುತ್ತಿದ್ದವನು ಅವರದೇ ಊರಿನ, ಮೂವತ್ತರ ಆಸುಪಾಸಿನ ಡ್ರೈವರು. ಒಂದು ಮಂಗಳವಾರ ಇಬ್ಬರೂ ಒಟ್ಟಿಗೆ ಒಳಗೆ ಬಂದರು.

“ಇವನದೂ ಒಂದು ನೋಡಿ ಮೇಡಂ,” ಅಂದರು ಆ ಅಮ್ಮ. “ಕತ್ತು ನಿಂತು ಹೋಗಿದೆ.”

ಅವನನ್ನು ಕೂರಿಸಿ ಬಲಕ್ಕೆ ನೋಡು ಅಂದೆ, ಗಲ್ಲ ಭುಜದ ಹತ್ತಿರ ಹೋಯಿತು. ಎಡಕ್ಕೆ ನೋಡು ಅಂದೆ. ಮೂಗು ಸ್ವಲ್ಪ ಅಲ್ಲಾಡಿತು, ಅಷ್ಟೇ. ಕಣ್ಣುಗಳು ಮಾತ್ರ ಎಡಗಡೆಯ ಮೂಲೆಗೆ ಹೋಗಿ ಒದ್ದಾಡಿದವು.

“ಎಷ್ಟು ದಿನದಿಂದ ಹಿಂಗಿದೆ?”

“ಸುಮಾರು ದಿನ ಆಯ್ತು ಮೇಡಂ.”

“ಮತ್ತೆ ಗಾಡಿ ಹೆಂಗೆ ಓಡಿಸ್ತೀಯಪ್ಪ? ಎಡಗಡೆ ಏನು ಬರ್ತಿದೆ ಅಂತ ಹೆಂಗೆ ಗೊತ್ತಾಗ್ತದೆ?”

“ಎಡಗಡೆ ಅಮ್ಮ ನೋಡ್ತಾರಲ್ಲ,” ಅಂದ, ಅದೇನು ಕೇಳುವ ವಿಷಯವೇ ಅನ್ನುವ ಹಾಗೆ.

ಇಬ್ಬರಿಗೂ ಸೇರಿಸಿ ಬೈದೆ. ಕತ್ತು ಬಿಡುವವರೆಗೂ ಸ್ಟಿಯರಿಂಗ್ ಮುಟ್ಟಬಾರದು, ಇನ್ನೊಬ್ಬರ ಕುತ್ತಿಗೆ ನಂಬಿ ಗಾಡಿ ಓಡಿಸಬಾರದು ಅಂದೆ. ಅವನು ತಲೆಯಾಡಿಸಿದ. ಮೇಲಕ್ಕೂ ಕೆಳಕ್ಕೂ ಚೆನ್ನಾಗಿಯೇ ಆಡುತ್ತಿತ್ತು.

ಆ ಅಮ್ಮ ಶಾಖದ ಪ್ಯಾಡು ಇಟ್ಟುಕೊಂಡು ಆಚೆ ಕೂತ ಮೇಲೆ ಅವನು ಮೆಲ್ಲಗೆ ಬಾಯಿ ಬಿಟ್ಟ.

“ಮೇಡಂ, ನೀವು ಹೇಳದಿದ್ರೂ ನಾನು ಬಿಡ್ತಿದ್ದೆ. ಎಡಗಡೆ ಏನಾದ್ರೂ ಬಂದ್ರೆ ಹೇಳಮ್ಮ ಅಂದಿದ್ದೆ. ಗಾಡಿ ಬಂದ್ರೆ ಹೇಳಲ್ಲ. ‘ಲೇ, ಇವರದು ಹುರುಳಿಕಾಯಿ ಹೂ ಬಿಟ್ಟದೆ.’ ‘ಲೇ, ಆ ಮನೆಗೆ ಸುಣ್ಣ ಹೊಡ್ಸಿದ್ದಾರೆ, ಯಾರಾದ್ರೂ ನೋಡೋಕೆ ಬರ್ತಿದ್ದಾರೇನೋ.’ ‘ನಿಲ್ಸೋ, ಆ ಯಮ್ಮ ನಮ್ಮ ಚಿಕ್ಕಮ್ಮನ ಮಗಳ ಥರ ಇದ್ದಾಳೆ.’ ಮೊನ್ನೆ ಮಾತಾಡ್ತಾ ಮಾತಾಡ್ತಾ ‘ಬಸ್ಸು’ ಅಂದ್ರು. ಎಲ್ಲಮ್ಮ ಅಂದೆ. ‘ಹೋಯ್ತು ಬಿಡು’ ಅಂದ್ರು.”

ಉಸಿರು ಬಿಟ್ಟು ಮುಂದುವರಿಸಿದ. “ಬೇಗ ತಿರುಗೋ ಹಂಗೆ ಮಾಡಿ ಮೇಡಂ. ಹುಟ್ಟಿದಾಗಿಂದ ಈ ರೋಡಲ್ಲಿ ಓಡಾಡ್ತಿದ್ದೀನಿ, ಎಡಗಡೆ ಇಷ್ಟೊಂದು ನಡೀತದೆ ಅಂತ ಗೊತ್ತೇ ಇರ್ಲಿಲ್ಲ.”

ಊಟಕ್ಕೆ ಮುಂಚೆ

ಆ ಅಮ್ಮನ ಭುಜ ನಿಧಾನಕ್ಕೆ ಸಡಿಲವಾಗುತ್ತಿತ್ತು, ಆದರೆ ಮೂವತ್ತೈದಕ್ಕೆ ಬಂದು ಮೊಂಡಾಟ ಹಿಡಿಯಿತು. ಮನೆಯಲ್ಲಿ ಮಾಡಲು ಒಂದು ಅಭ್ಯಾಸ ಹೇಳಿಕೊಟ್ಟೆ. ಎರಡೂ ಕೈಯಲ್ಲಿ ಒಂದು ಕೋಲನ್ನು ಅಡ್ಡಲಾಗಿ ಹಿಡಿದು, ಒಳ್ಳೆಯ ಕೈಯಿಂದ ಕೋಲು ತಳ್ಳುತ್ತ ನೋವಿನ ಕೈಯನ್ನು ಹೊರಕ್ಕೆ ತಿರುಗಿಸುವುದು. ಯಾವ ಕೋಲಾದರೂ ಸರಿ ಅಂದೆ.

ಅವರಿಗೆ ಯಾವ ಕೋಲಾದರೂ ಸರಿಯಿರಲಿಲ್ಲ. ಮುದ್ದೆ ಕೋಲೇ ಬೇಕು. ಅದನ್ನು ಯಜಮಾನರು ಕೊಡುತ್ತಿರಲಿಲ್ಲ. ತೊಳೆದು, ಒರೆಸಿ, ತಮ್ಮ ಮಂಚದ ಪಕ್ಕದ ಮೊಳೆಗೆ ನೇತು ಹಾಕಿಕೊಳ್ಳುತ್ತಿದ್ದರಂತೆ.

“ನೀವು ಚೀಟೀಲಿ ಬರ್ಕೊಡಿ ಮೇಡಂ,” ಅಂದರು. “ನನ್ನ ಮಾತು ಕೇಳಲ್ಲ. ಡಾಕ್ಟರ ಚೀಟಿ ಅಂದ್ರೆ ಹೆದರ್ತಾರೆ.”

ಬರೆದೆ. ‘ಉದ್ದ ಕೋಲು, ದಿನಕ್ಕೆ ಎರಡು ಸಲ.’ ಬರೆಯುವ ಕೈಗೆ ಇರುವ ಅಭ್ಯಾಸಬಲ ನೋಡಿ, ‘ಊಟಕ್ಕೆ ಮುಂಚೆ’ ಎಂದೂ ಸೇರಿಸಿಬಿಟ್ಟೆ. ಅಂದರೆ ಸರಿಯಾಗಿ ಯಜಮಾನರು ಮುದ್ದೆಗೆ ಎಸರಿಡುವ ಹೊತ್ತು.

ಮುಂದಿನ ಮಂಗಳವಾರ ಆ ಅಮ್ಮ ಬಂದಾಗ ಅವರ ಕೈಯಲ್ಲಿ ಹೊಸದೊಂದು ಊರುಗೋಲು. ಬಾಗಿದ ಹಿಡಿ, ತುದಿಗೆ ರಬ್ಬರು. ಬೆಂಚಿನಲ್ಲಿದ್ದ ಮೇಷ್ಟ್ರು ಮರುಕದಿಂದ ಜಾಗ ಬಿಟ್ಟು, “ಕಾಲಿಗೂ ಬಂತೇನಮ್ಮ?” ಅಂದರು.

ಆದದ್ದಿಷ್ಟು. ಯಜಮಾನರು ಚೀಟಿಯನ್ನು ತಿರುಗಾ ಮುರುಗಾ ಓದಿ, ಡಾಕ್ಟರು ಬರೆದದ್ದು ಮೆಡಿಕಲ್ ಸ್ಟೋರಲ್ಲಿ ಸಿಗಲೇಬೇಕಲ್ಲ ಅಂತ ಸೀದಾ ಅಲ್ಲಿಗೆ ಹೋಗಿದ್ದಾರೆ. ಅಂಗಡಿಯವನು ಉದ್ದ ಕೋಲು ಎಂದು ಓದಿ, ಇದ್ದದ್ದರಲ್ಲಿ ಉದ್ದನೆಯದನ್ನು ಕೊಟ್ಟಿದ್ದಾನೆ. ಜೊತೆಗೆ ಯಜಮಾನರಿಂದ ನನಗೊಂದು ವಿನಂತಿಯೂ ಬಂದಿತ್ತು. ‘ಊಟಕ್ಕೆ ಮುಂಚೆ’ ಅನ್ನುವುದನ್ನು ‘ಊಟ ಆದ ಮೇಲೆ’ ಎಂದು ತಿದ್ದಿಕೊಡಬೇಕಂತೆ. ಮುದ್ದೆ ತಿರುವುವಾಗ ಪಕ್ಕದಲ್ಲಿ ಕೋಲು ಆಡಿಸಿದರೆ ಅವರಿಗೆ ಮನಸ್ಸು ನಿಲ್ಲುವುದಿಲ್ಲವಂತೆ.

“ಸರಿ, ತಿದ್ದಿ ಕೊಡ್ತೀನಿ ಬಿಡಿ,” ಅಂದೆ.

“ಬೇಡ ಮೇಡಂ. ಡಾಕ್ಟ್ರು ಬರೆದ ಹಂಗೇ ಮಾಡ್ತಿದ್ದೀನಿ. ಅವರು ಕೂತು ತಿರುವ್ತಾರೆ, ನಾನು ಪಕ್ಕದಲ್ಲಿ ನಿಂತ್ಕೊಂಡು ಇದನ್ನ ಹೊರಗೆ ತಿರುಗಿಸ್ತೀನಿ. ಈ ಬಾಗಿದ ಹಿಡಿ ಅವರ ಕಡೆ ಬರೋ ಹಂಗೆ ಹಿಡ್ಕೋತೀನಿ. ಎರಡು ಸಲ ಕಿವಿಗೆ ತಗುಲ್ತು.”

“ಅಯ್ಯೋ. ಆಮೇಲೆ?”

“ಆಮೇಲೇನು, ಮುದ್ದೆ ಕೋಲು ತಾನಾಗೇ ಬಂತು. ಊರುಗೋಲು ಅವರೇ ಇಸ್ಕೊಂಡು ಅಟ್ಟದ ಮೇಲೆ ಹಾಕ್ತೀನಿ ಅಂದಿದ್ದಾರೆ. ನಾನು ಮೇಡಂಗೆ ತೋರ್ಸಿ ಬಂದು ಕೊಡ್ತೀನಿ ಅಂದೆ.”

ಅಳತೆ

ಮಾವು ಮುಗಿಯುತ್ತ ಬಂದ ಹೊತ್ತಿಗೆ ಆ ಅಮ್ಮನ ಭುಜ ಎಪ್ಪತ್ತೈದು ತೋರಿಸಿತು. ಸೊಂಟ ಅಲ್ಲಾಡಿಸದೆ, ಗೋಡೆ ಕಡೆ ತಿರುಗದೆ, ನ್ಯಾಯವಾಗಿ ಬಂದ ಎಪ್ಪತ್ತೈದು. ಇನ್ನು ಮುದ್ದೆ ತಿರುವಬಹುದು ಅಂದೆ.

“ಹಂಗಾದ್ರೆ ನೀವೇ ನಮ್ಮನೆಗೆ ಬರ್ಬೇಕು ಮೇಡಂ,” ಅಂದರು. “ನಾಳೆ ದಿನ ಆಯಪ್ಪ ಗಂಟಿತ್ತು ಅಂದ್ರೆ ಸಾಕ್ಷಿ ಬೇಡ್ವಾ?”

ಆ ಮಂಗಳವಾರ ಮಧ್ಯಾಹ್ನ ಕ್ಲಿನಿಕ್ಕು ಬೇಗ ಮುಚ್ಚಿ ಹೊರಟೆ. ಕತ್ತು ಎರಡೂ ಕಡೆ ತಿರುಗುತ್ತಿದ್ದ ಡ್ರೈವರೇ ಕರೆದುಕೊಂಡು ಹೋದ. ಮನೆಯ ಮುಂದೆ ಹೊಂಗೆ ಮರ, ಹಿಂದೆ ಹಿಪ್ಪುನೇರಳೆ ತೋಟ, ಜಗಲಿಯ ಪಕ್ಕದಲ್ಲೇ ಒಲೆ. ಯಜಮಾನರು ತೆಳ್ಳನೆಯ, ಎತ್ತರದ, ಮಿತಭಾಷಿ ಮನುಷ್ಯ. ನಮಸ್ಕಾರ ಮಾಡಿ, ಜಗಲಿಯ ಮೇಲೆ ಚಾಪೆ ಹಾಸಿ, ತೀರ್ಪುಗಾರರ ಹಾಗೆ ಗೋಡೆಗೆ ಒರಗಿ ಕೂತರು.

ಎಸರು ಕುದಿಯಿತು, ಹಿಟ್ಟು ಬಿತ್ತು. ಆ ಅಮ್ಮ ಪಾತ್ರೆಯನ್ನು ನೆಲಕ್ಕೆ ಇಳಿಸಿಕೊಂಡರು. ಪಾತ್ರೆಯ ಬಾಯಿಗೆ ಕವೆಗೋಲು ಕೊಟ್ಟು, ಅದರ ಎರಡು ಕಾಲನ್ನೂ ಪಾದದಲ್ಲಿ ಅದುಮಿ, ಎರಡೂ ಕೈಯಲ್ಲಿ ಕೋಲು ಹಿಡಿದರು. ಮೊದಲ ಸುತ್ತು ಹಾಕುವಾಗ ಮುಖ ಸ್ವಲ್ಪ ಕಿವುಚಿತು. ಎರಡನೆಯ ಸುತ್ತಿಗೆ ಬೆನ್ನೂ ಸೊಂಟವೂ ಕೈಯ ಜೊತೆ ಸೇರಿಕೊಂಡವು. ನನ್ನ ಕೋಣೆಯಲ್ಲಿ ಮೋಸ ಅನಿಸಿಕೊಂಡಿದ್ದ ಆ ತಿರುಗಾಟ ಇಲ್ಲಿ ಸರಿಯಾಗಿಯೇ ಇತ್ತು. ಅಳತೆಗೆ ಭುಜ ಒಂದೇ ದುಡಿಯಬೇಕು, ಅಡುಗೆಗೆ ಎಲ್ಲವೂ ಪಾಲು ಹಂಚಿಕೊಳ್ಳಬೇಕು. ಕೋಲು ಸುತ್ತಿ ಸುತ್ತಿ ಬಂತು. ಹಿಟ್ಟಿನ ಹಸಿ ಬಣ್ಣ ಹೋಗಿ ಹೊಳಪು ಬಂತು.

ತಟ್ಟೆಗೆ ಬಿದ್ದ ಮೊದಲ ಮುದ್ದೆ ಯಜಮಾನರದು. ಅವರು ಮುರಿದರು. ಬೆರಳಾಡಿಸಿದರು. ಸಾರು ಹಾಕಿಕೊಳ್ಳದೆ ಸ್ವಲ್ಪ ಸ್ವಲ್ಪವೇ ಚಿವುಟಿ, ಬೆಳಕಿಗೆ ಹಿಡಿದು ನೋಡಿದರು. ಅರ್ಧ ಮುದ್ದೆ ಹೀಗೇ ಮುಗಿಯಿತು. ಆ ಅಮ್ಮ ಸೌಟು ಹಿಡಿದು ಕಾಯುತ್ತಿದ್ದರು. ಆ ಹೊತ್ತಿನಲ್ಲಿ ಅವರ ಮುಖ ನೋಡಿದ್ದರೆ ನಮ್ಮ ಮೇಷ್ಟ್ರು ಕೂಡ ಸೊನ್ನೆ ಕೊಡುತ್ತಿರಲಿಲ್ಲ.

“ಗಂಟಿಲ್ಲ,” ಅಂದರು ಯಜಮಾನರು.

“ಏನಂದ್ರಿ?”

“ಗಂಟಿಲ್ಲ ಅಂದೆ. ಚೆನ್ನಾಗಿದೆ. ಸಾರು ಹಾಕು.”

ಆ ಅಮ್ಮ ಸಾರು ಹಾಕಿದರು. ಕಣ್ಣಂಚನ್ನು ಸೆರಗಿನಲ್ಲಿ ಒತ್ತಿಕೊಂಡದ್ದು ಒಲೆಯ ಹೊಗೆಗೇ ಇರಬೇಕು. ಆಮೇಲೆ ಕೋಲನ್ನು ತೊಳೆದು, ಒರೆಸಿ, ತಂದು ಗಂಡನ ಪಕ್ಕಕ್ಕೆ ಒರಗಿಸಿಟ್ಟರು.

“ಇದ್ಯಾಕೆ?” ಅಂದರು ಅವರು.

“ಬೆಳಿಗ್ಗೆ ನಾನು, ಸಾಯಂಕಾಲ ನೀವು. ಇಬ್ಬರಿಗೂ ಬರ್ತದಲ್ಲ.”

ಇಷ್ಟು ದಿನ ಅದು ಯಜಮಾನರೊಬ್ಬರ ವಿದ್ಯೆಯಾಗಿತ್ತು. ಈಗ ಬರೀ ಮನೆಗೆಲಸವಾಗಿ ಹೋಯಿತು. ಯಜಮಾನರು ಕೋಲು ನೋಡಿದರು, ನನ್ನನ್ನು ನೋಡಿದರು, ನಿಧಾನಕ್ಕೆ ಎಡಗೈಯಲ್ಲಿ ಬಲಭುಜ ಹಿಡಿದುಕೊಂಡರು.

“ಮೇಡಂ, ಬಂದಿದ್ದೀರಿ, ನಂದೂ ಒಂದು ನೋಡ್ಬಿಡಿ. ಇಲ್ಲಿ ಹಿಡ್ಕೊಂಡಿದೆ. ಕೈ ಹೊರಗೇ ಬರಲ್ಲ.”

ಚೀಲದಿಂದ ಸ್ಕೇಲು ತೆಗೆದೆ. ಮೊಣಕೈ ಪಕ್ಕೆಗೆ ಅಂಟಿಸಿ ತಿರುಗಿಸಿ ಅಂದೆ. ತಿರುಗಿಸಿದರು. ಹತ್ತು ಡಿಗ್ರಿಗೆ “ಅಮ್ಮಾ” ಅಂದರು. ಇನ್ನೊಂದು ಸಲ ನೋಡಿದೆ. ಈ ಸಲ ಎಂಟಕ್ಕೇ ಅಂದರು. “ಎಷ್ಟಾಯ್ತು ಮೇಡಂ?” ಎಂದು ಆಸೆಯಿಂದ ಕೇಳಿದರು. ಅಷ್ಟು ಕಡಿಮೆ ಅಂಕಿಗೆ ಅಷ್ಟು ಖುಷಿ ಪಟ್ಟವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಅಷ್ಟರಲ್ಲಿ ಅವರ ಬೆನ್ನ ಹಿಂದಿನಿಂದ ಒಂದು ಕೋಳಿ ಜಗಲಿ ಹತ್ತಿ ಬಂತು. ಎರಡು ಹೆಜ್ಜೆ ಇಟ್ಟು ಸುತ್ತ ನೋಡಿ, ಕತ್ತು ಚಾಚಿ ಅವರ ತಟ್ಟೆಯ ಮುದ್ದೆಗೆ ಕೊಕ್ಕು ಹಾಕಿತು. ಯಜಮಾನರ ಬಲಗೈ ನನ್ನ ಸ್ಕೇಲಿನಿಂದ ಬಿಡಿಸಿಕೊಂಡು ಹೊರಕ್ಕೆ ಹೋಯಿತು, ಹಿಂದಕ್ಕೆ ಹೋಯಿತು, ತಲೆಯ ಮೇಲಿನಿಂದ ಒಂದು ಪೂರ್ತಿ ಸುತ್ತು ಬಂದು “ಹುಶ್” ಅಂತ ಕೋಳಿಯನ್ನು ಹೊಂಗೆ ಮರದ ತನಕ ಅಟ್ಟಿತು.

ಕೈ ಇನ್ನೂ ಮೇಲೆಯೇ ಇತ್ತು. ಅದನ್ನು ಯಾವ ಕಡೆಯಿಂದ ಇಳಿಸಿದರೆ ಮರ್ಯಾದೆ ಉಳಿಯುತ್ತದೆ ಎಂದು ಅವರಿಗೆ ಗೊತ್ತಾಗುತ್ತಿರಲಿಲ್ಲ.

ಆ ಅಮ್ಮ ಸಾರಿನ ಪಾತ್ರೆಯಿಂದ ತಲೆ ಎತ್ತಲಿಲ್ಲ.

“ಬರ್ಕೊಳ್ಳಿ ಮೇಡಂ,” ಅಂದರು.